ಸೀಸೆಯ ತಳದ ಬಿಳುಪು

ಆ ಬೀದಿಯಲ್ಲಿ ಆಕೆಯನ್ನು ಅತ್ತಿಗೆ ಎಂದು ಕರೆಯದವರೇ ಇರಲಿಲ್ಲ. ಹಾಗೆ ಕರೆಯುವ ನಿಜವಾದ ಹಕ್ಕಿದ್ದದ್ದು ಒಬ್ಬನಿಗೆ ಮಾತ್ರ, ಆಕೆಯ ಗಂಡನ ತಮ್ಮನಿಗೆ. ಅವನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಒಳಮನೆಗೆ ಕೇಳುವಂತೆ, ‘ಅತ್ತಿಗೆ, ಎಣ್ಣೆ ಆಯ್ತಾ’ ಎಂದು ಕೂಗಿ ಕೂಗಿ ಗಿರಾಕಿಗಳ ನಾಲಿಗೆಗೂ ಅದೇ ಹತ್ತಿತು. ಕೊನೆಗೆ ಎಣ್ಣೆಗೂ ಅದೇ ಹೆಸರು ನಿಂತಿತು: ಅತ್ತಿಗೆ ಎಣ್ಣೆ. ಸೀಸೆಯ ಮೇಲಿನ ಚೀಟಿಯಲ್ಲಿ ಆಕೆಯ ಮುಖದ ಗೆರೆಚಿತ್ರ ಬಂತು. ನಡುಬೈತಲೆ, ಭುಜದ ಮೇಲಿಂದ ಮುಂದಕ್ಕೆ ಬಿದ್ದ ದಪ್ಪ ಜಡೆ, ಒಂದಿಷ್ಟು ಬಿಗಿದ ತುಟಿ. ತುಟಿ ಬಿಗಿದದ್ದು ಚಿತ್ರಗಾರನ ತಪ್ಪಲ್ಲ. ಆಕೆ ಅವನೆದುರು ಕೂತದ್ದೇ ಹಾಗೆ. ಒಲೆಯ ಮೇಲೆ ಎಣ್ಣೆ ಬಿಟ್ಟು ಬಂದಿದ್ದೇನೆ, ಬೇಗ ಬರಿಯಪ್ಪ ಎಂದು ಅವನನ್ನು ಎರಡು ಸಲ ಗದರಿಸಿದ್ದಳು.

ಎಣ್ಣೆಯ ವಿಷಯದಲ್ಲಿ ಆಕೆಯದು ಶಿಸ್ತು. ದಾಸವಾಳದ ಎಲೆಯನ್ನು ತೊಳೆದು ಬಟ್ಟೆಯ ಮೇಲೆ ಹರಡಿ, ಒಂದು ಹನಿ ನೀರೂ ಉಳಿಯದಂತೆ ಆರಿಸಬೇಕು. ಮೆಂತ್ಯ ಕೆಂಪಾಗಬೇಕು, ಕಪ್ಪಾಗಬಾರದು. ಗರುಗದ ಸೊಪ್ಪನ್ನು ಕೊನೆಯಲ್ಲಿ ಹಾಕಬೇಕು. ಮೊದಲೇ ಹಾಕಿದರೆ ಸುಟ್ಟ ವಾಸನೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯ ಸೋಸುವುದು. ಮೊದಲು ಜಾಲರಿಯಲ್ಲಿ, ಆಮೇಲೆ ತೆಳುಬಟ್ಟೆಯಲ್ಲಿ, ಕಡೆಗೆ ತೊಳೆದು ತೊಳೆದು ಮೆತ್ತಗಾದ ಹಳೆಯ ಹತ್ತಿಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಅದರಲ್ಲಿ. ಸೋಸಿದ್ದನ್ನು ಗಾಜಿನ ಲೋಟಕ್ಕೆ ಸುರಿದು ಕಿಟಕಿಗೆ ಹಿಡಿಯುತ್ತಿದ್ದಳು. ಹಸಿರು ಬಣ್ಣದ ಆಚೆ ಕಿಟಕಿಯ ಸರಳುಗಳು ಒಂದೊಂದೂ ಕಾಣಬೇಕು. ಕಾಣದಿದ್ದರೆ ಮತ್ತೆ ಸೋಸು. ಕಸ ಕಾಣದಿದ್ದ ಮಾತ್ರಕ್ಕೆ ಕಸ ಇಲ್ಲವೆಂದಲ್ಲ, ಬೆಳಕಿಗೆ ಹಿಡಿದು ನೋಡಬೇಕು ಎಂಬುದು ಆಕೆ ಮಗಳಿಗೆ ಕಲಿಸಿದ ಮೊದಲ ಪಾಠ.

ಮಾತಿನಲ್ಲೂ ಸೋಸಿದ್ದನ್ನೇ ಆಡುತ್ತಿದ್ದಳು. ಕೂದಲು ಉದುರುತ್ತಿದೆ ಎಂದು ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ಜ್ವರ ಬಂದಿತ್ತೇ, ಹೆರಿಗೆಯಾಯಿತೇ, ಊಟ ಸರಿಯಾಗಿದೆಯೇ ಎಂದು ವಿಚಾರಿಸುತ್ತಿದ್ದಳು. ಆಮೇಲೆ ಅದೇ ಭಾಷಣ: ಈ ಎಣ್ಣೆ ತಲೆಯ ಚರ್ಮ ಒಣಗದಂತೆ ಕಾಯುತ್ತದೆ, ಕೂದಲು ಸಿಕ್ಕಾಗಿ ತುಂಡಾಗದಂತೆ ನೋಡಿಕೊಳ್ಳುತ್ತದೆ, ತಿಕ್ಕಿಸಿಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ. ಜ್ವರಕ್ಕೆ ಹೋದ ಕೂದಲು ತಾನಾಗಿಯೇ ಬರುತ್ತದೆ, ಎಣ್ಣೆಗೆ ಅದರ ಕೀರ್ತಿ ಬೇಡ. ಅಪ್ಪನಿಂದ ಬಂದ ಬೋಳು ನನ್ನ ಎಣ್ಣೆಗೆ ಹೆದರುವುದಿಲ್ಲ. ಕೇಳಿದವರಲ್ಲಿ ಅರ್ಧ ಜನ ಬರಿಗೈಯಲ್ಲಿ ಎದ್ದು ಹೋಗುತ್ತಿದ್ದರು. ಗಂಡ ಇದ್ದಷ್ಟು ದಿನ ಅದಕ್ಕೆ ನಗುತ್ತಿದ್ದ. ಅಂಗಡಿಯ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಓಡಿಸುವ ಹೆಂಡತಿ ತನಗೊಬ್ಬನಿಗೇ ಸಿಕ್ಕಿರುವುದು ಎನ್ನುತ್ತಿದ್ದ.

ಗಂಡ ಹೋದ ಮೇಲೆ ಮೈದುನ ಬಂದು ಅಂಗಡಿ ಹಿಡಿದ. ಅವನಿಗೆ ಬೀದಿಯವರು ಇಟ್ಟ ಹೆಸರು ಬಾಚಣಿಗೆ. ಅಂಗಿಯ ಜೇಬಿನಲ್ಲಿ ಸದಾ ಒಂದು ಬಾಚಣಿಗೆ, ತಲೆಯ ಮೇಲೆ ಗುಡ್ಡದಂಥ ಕೂದಲು. ಸುಳ್ಳು ಹೇಳುವ ಮುಂಚೆ ಒಮ್ಮೆ ತಲೆ ಬಾಚಿಕೊಳ್ಳುತ್ತಾನೆ ಎಂಬುದು ಮನೆಯೊಳಗೆ ಎಲ್ಲರಿಗೂ ಗೊತ್ತಿದ್ದ ತಮಾಷೆ, ಅವನಿಗೊಬ್ಬನಿಗೆ ಗೊತ್ತಿರಲಿಲ್ಲ. ಕಾಯಿಸುವುದು, ಸೋಸುವುದು ಅತ್ತಿಗೆಯ ಕೆಲಸ, ಸೀಸೆಗೆ ತುಂಬಿ ಮಾರುವುದು ತನ್ನದು ಎಂದು ಅವನೇ ಕೆಲಸ ಹಂಚಿದ. ಅಂಗಡಿಯ ಹಿಂದಿನ ಕೋಣೆಗೆ ಬೀಗ ಬಂತು. ಚೀಟಿಯ ಮೇಲೆ ‘ಸಂಪೂರ್ಣ ನೈಸರ್ಗಿಕ’ ಎಂಬ ಮಾತು ಬಂತು.

ಅದಾದ ಕೆಲವೇ ತಿಂಗಳಲ್ಲಿ ಎಣ್ಣೆ ಕೆಲಸ ಮಾಡತೊಡಗಿತು.

ಮೊದಲು ಬಂದವನು ಬಸ್ಸಿನ ಕಂಡಕ್ಟರ್. ಕೌಂಟರಿನ ಮೇಲೆ ತಲೆ ಬಗ್ಗಿಸಿ, ಮುಟ್ಟಿ ನೋಡಿ ಅತ್ತಿಗೆ, ಮುಟ್ಟಿ ನೋಡಿ ಎಂದು ಹಟ ಹಿಡಿದ. ಹಿಂದಿನ ವರ್ಷ ಬಿಸಿಲಿಗೆ ಹೊಳೆಯುತ್ತಿದ್ದ ನೆತ್ತಿಯಲ್ಲಿ ಈಗ ಕಪ್ಪು ಹುಲ್ಲು. ಅವನ ಹಿಂದೆ ಅವನ ಡಿಪೋದವರೆಲ್ಲ ಬಂದರು. ಟೈಪಿಸ್ಟ್ ಹೆಂಗಸು, ಅವಳ ಅಕ್ಕ, ಅಕ್ಕನ ನಾದಿನಿ, ಹೀಗೆ ಬೆಂಚು ತುಂಬಿತು. ಅತ್ತಿಗೆಯ ಭಾಷಣ ಕೇಳಲು ಯಾರಿಗೂ ಪುರಸೊತ್ತಿರಲಿಲ್ಲ. ಆಕೆಯೂ ಮೆಲ್ಲಗೆ ಅದನ್ನು ಮೊಟಕು ಮಾಡಿದಳು. ಇಷ್ಟು ವರ್ಷ ತನ್ನ ಎಲೆಗಳ ಯೋಗ್ಯತೆಯನ್ನು ತಾನೇ ಕಡಿಮೆ ಹೇಳಿದೆನೇನೋ ಎಂಬ ಒಂದು ಸಿಹಿ ಅನುಮಾನ ಒಳಗೆ ಹುಟ್ಟಿತು. ಹೊಗಳಿಕೆ ಒಳ್ಳೆಯವರಿಗೂ ತಿನ್ನಲು ರುಚಿಯೇ.

ಅದೇ ಕಾಲಕ್ಕೆ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿತು: ‘ಚೆನ್ನಾಗಿ ಅಲ್ಲಾಡಿಸಿ ಬಳಸಿ’. ಏನಿದು ಎಂದು ಕೇಳಿದಳು. ಮೈದುನ ಜೇಬಿನಿಂದ ಬಾಚಣಿಗೆ ತೆಗೆದು ತಲೆಯ ಮೇಲೆ ಒಮ್ಮೆ ಎಳೆದುಕೊಂಡು, ಎಲೆಯ ಸತ್ವ ಅತ್ತಿಗೆ, ಚಳಿಗೆ ಕೆಳಗೆ ಕೂರುತ್ತೆ ಎಂದ. ಸೀಸೆಯ ತಳದಲ್ಲಿ ಉಗುರಿನಷ್ಟು ದಪ್ಪಕ್ಕೆ ಬಿಳಿಯ ಗಸಿ. ನಾಲ್ಕು ಮಡಿಕೆಯ ಸೀರೆಬಟ್ಟೆಯನ್ನು ದಾಟಿ ಯಾವ ಎಲೆಯ ಸತ್ವವೂ ಬರಲಾರದೆಂದು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಕಂಡಕ್ಟರನ ನೆತ್ತಿ ಕಣ್ಣೆದುರಿಗಿತ್ತು. ಆಕೆ ಸೀಸೆಯನ್ನು ಕಿಟಕಿಗೆ ಹಿಡಿಯಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಸಲ ಕಾಯಿಸಿದಾಗ ಕೊನೆಯ ಒಂದು ಸೌಟನ್ನು ಮನೆಯವರಿಗೆಂದು ಒಂದು ತಾಮ್ರದ ಗಿಂಡಿಯಲ್ಲಿ ತೆಗೆದಿಡುವುದು. ಅತ್ತಿಗೆ, ಆಕೆಯ ಜೊತೆಯಲ್ಲೇ ಇದ್ದ ಮಗಳು, ಮಗಳ ಮೂರು ವರ್ಷದ ಕೂಸು ಪುಟ್ಟಿ, ಈ ಮೂವರ ತಲೆಗೂ ಆ ಗಿಂಡಿಯ ಎಣ್ಣೆಯೇ. ಒಂದು ದಿನ ಟೈಪಿಸ್ಟ್ ಹೆಂಗಸು ಒಳಗೆ ಇಣುಕಿ ಗಿಂಡಿಯನ್ನು ನೋಡಿದಳು. ‘ಓಹೋ, ಮನೆಯವರಿಗೆ ಗಿಂಡಿ, ನಮ್ಮಂಥವರಿಗೆ ಸೀಸೇನಾ ಅತ್ತಿಗೆ? ಒಳ್ಳೇದೆಲ್ಲ ಒಳಗೇ ಇಟ್ಕೊಂಡಿದೀರಿ’ ಎಂದು ನಕ್ಕಳು. ಅವಳಿಗದು ನಗೆಮಾತು. ಅತ್ತಿಗೆಗೆ ಮುಳ್ಳಾಗಿ ಚುಚ್ಚಿತು. ಮಾರುವುದು ಒಂದು, ಬಳಸುವುದು ಇನ್ನೊಂದು ಎಂಬ ಮಾತು ತನ್ನ ಅಂಗಡಿಯ ಮೇಲೆ ಬರಬಾರದು. ಅಂದೇ ಗಿಂಡಿಯನ್ನು ತೊಳೆದು ಕಪಾಟಿನ ಮೇಲೆ ಬೋರಲು ಹಾಕಿದಳು. ಇನ್ನು ಮುಂದೆ ಗಿರಾಕಿಗೆ ಯಾವ ಸೀಸೆಯೋ ಮನೆಗೂ ಅದೇ ಸೀಸೆ ಎಂದು ಎಲ್ಲರ ಮುಂದೆ ಹೇಳಿ, ಅಂಗಡಿಯ ಗೂಡಿನಿಂದ ಒಂದನ್ನು ಕೈಯಾರೆ ಎತ್ತಿಕೊಂಡಳು. ಬೆಂಚಿನವರು ಮೆಚ್ಚಿ ತಲೆದೂಗಿದರು. ಮೈದುನ ತಲೆ ಬಾಚಿಕೊಂಡ.

ಆಗಷ್ಟೇ ಪುಟ್ಟಿಗೆ ಕೆಟ್ಟ ಜ್ವರ ಬಂದು ಹೋಗಿತ್ತು. ದಿಂಬಿನ ಮೇಲೆ, ಅಂಗಿಯ ಕುತ್ತಿಗೆಯಲ್ಲಿ, ಎಲ್ಲೆಂದರಲ್ಲಿ ಕೂದಲು. ತಾನಾಗಿಯೇ ಬರುತ್ತದೆ ಎಂದು ಊರಿಗೆಲ್ಲ ಹೇಳಿದ ಅಜ್ಜಿ ತನ್ನ ಮೊಮ್ಮಗಳ ವಿಷಯದಲ್ಲಿ ಕಾಯದೆ ಹೋದಳು. ಪುಟ್ಟಿಯನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಸೀಸೆಯನ್ನು ಚೀಟಿಯಲ್ಲಿ ಬರೆದಂತೆ ಚೆನ್ನಾಗಿ ಅಲ್ಲಾಡಿಸಿ, ಬೆರಳತುದಿಯಿಂದ ನೆತ್ತಿ, ಹಣೆಯ ಅಂಚು, ಕಿವಿಯ ಹಿಂದೆ ಎಲ್ಲ ತಿಕ್ಕುತ್ತಿದ್ದಳು. ಹಣೆಗಿಳಿದ ಎಣ್ಣೆಯನ್ನು ಕೆನ್ನೆಗೂ ಸವರುತ್ತಿದ್ದಳು. ಒಮ್ಮೆ ಮೈದುನ ಒಳಗೆ ನೀರು ಕುಡಿಯಲು ಬಂದವನು ನಿಂತು ನೋಡಿದ. ‘ಪುಟ್ಟಿಗೆ ಸ್ವಲ್ಪ ಕಮ್ಮಿ ಹಚ್ಚಿ ಅತ್ತಿಗೆ’ ಎಂದ. ಮಗುವಿನ ಮೇಲೆ ಎಷ್ಟು ಪ್ರೀತಿ ಇವನಿಗೆ ಎಂದುಕೊಂಡು ಆಕೆ ನಕ್ಕಳು.

ಕೂದಲು ಬಂತು. ತಲೆಯ ಮೇಲೆ ಬಂದದ್ದನ್ನು ಕಂಡು ಅಜ್ಜಿ ಹಿಗ್ಗಿದಳು. ಆಮೇಲೆ ಹಣೆಯ ಮೇಲೆ ಬಂತು. ಹುಬ್ಬುಗಳ ನಡುವೆ, ಕೆನ್ನೆಯ ಬದಿಗೆ, ಬೆನ್ನ ಮೇಲೆ ಮೃದುವಾದ ಕಪ್ಪು ರೋಮ ಹಬ್ಬಿತು. ಶಿಶುವಿಹಾರದಲ್ಲಿ ಮಕ್ಕಳು ಕರಡಿಮರಿ ಎಂದು ಹೆಸರಿಟ್ಟರು. ಪುಟ್ಟಿ ಮೊದಲು ಅದನ್ನು ಹೆಮ್ಮೆಯಿಂದಲೇ ಮನೆಗೆ ತಂದಳು. ಉಗುರು ತೋರಿಸಿ ಗುರ್ ಎಂದಳು. ಒಂದು ವಾರದ ನಂತರ, ಹೋಗಲ್ಲ ಎಂದು ಬಾಗಿಲ ಚೌಕಟ್ಟನ್ನು ತಬ್ಬಿ ನಿಂತಳು. ಮಗಳು ಹೊಲಿಗೆ ಕಾರ್ಖಾನೆಗೆ ರಜೆ ಹಾಕಿ ಕೂಸನ್ನು ಎತ್ತಿಕೊಂಡಳು. ಅತ್ತಿಗೆ ಜೊತೆಗೆ ಹೊರಟಳು.

ಮಕ್ಕಳ ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ಪುಟ್ಟಿಯ ಅಂಗಿ ಬಿಚ್ಚಿಸಿ ಬೆನ್ನು ನೋಡಿದರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಬಡಿತ ಬೇಕಾದ್ದಕ್ಕಿಂತ ಜೋರಾಗಿದೆ ಎಂದರು. ಕಾಲಿನ ಗಂಟನ್ನು ಒತ್ತಿ ಬಾವು ಇದೆಯೇ ಎಂದು ನೋಡಿದರು. ಆಮೇಲೆ, ತಲೆಗೆ ಏನು ಹಚ್ಚುತ್ತೀರಿ ಎಂದು ಕೇಳಿದರು.

ಅತ್ತಿಗೆ ಬೆನ್ನು ನೆಟ್ಟಗೆ ಮಾಡಿ ಕೂತಳು. ನಮ್ಮದೇ ಎಣ್ಣೆ, ಬರೀ ಸೊಪ್ಪು, ನಾನೇ ಕಾಯಿಸುವುದು ಎಂದು ಚೀಲದಿಂದ ಸೀಸೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಅದನ್ನು ಅಲ್ಲಾಡಿಸಲಿಲ್ಲ. ಎತ್ತಿ ಟ್ಯೂಬ್ ಲೈಟಿಗೆ ಹಿಡಿದರು. ತಳವನ್ನು ನೋಡಿದರು, ಚಿತ್ರವನ್ನು ನೋಡಿದರು, ಎದುರಿಗೆ ಕೂತ ಮುಖವನ್ನು ನೋಡಿದರು.

ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲಾರೆ, ಆದರೆ ಇಂಥದ್ದನ್ನು ಮುಂಚೆಯೂ ನೋಡಿದ್ದೇನೆ ಎಂದು ಅವರು ವಿವರಿಸಿದರು. ರಕ್ತದ ಒತ್ತಡಕ್ಕೆಂದು ಕಂಡುಹಿಡಿದ ಒಂದು ಔಷಧ ಇದೆ. ಅದು ಕೂದಲನ್ನೂ ಬೆಳೆಸುತ್ತದೆ. ದೊಡ್ಡವರು ಡಾಕ್ಟರನ್ನು ಕೇಳಿ, ಅಳತೆಯಲ್ಲಿ ಬಳಸಿದರೆ ತಪ್ಪಲ್ಲ. ಕೆಲವರು ಅದರ ಮಾತ್ರೆಯನ್ನು ಅರೆದು ಎಣ್ಣೆಗೆ ಬೆರೆಸಿ ಸೊಪ್ಪಿನ ಹೆಸರಲ್ಲಿ ಮಾರುತ್ತಾರೆ. ಮಕ್ಕಳ ಚರ್ಮದಿಂದ ಅದು ಒಳಕ್ಕಿಳಿದು ಹೃದಯಕ್ಕೂ ತಾಕಬಹುದು. ಬಸುರಿಯರು, ಹಾಲೂಡಿಸುವವರು ಹತ್ತಿರವೂ ಸುಳಿಯಬಾರದು. ಇಂದೇ ನಿಲ್ಲಿಸಿದರೆ ಈ ರೋಮ ಕೆಲವು ತಿಂಗಳಲ್ಲಿ ಉದುರುತ್ತದೆ. ಎದೆಯನ್ನು ಮಾತ್ರ ಮತ್ತೆ ಮತ್ತೆ ನೋಡುತ್ತಿರಬೇಕು.

ಅದರ ಮುಂದಿನ ಮಾತು ಅತ್ತಿಗೆಗೆ ಕೇಳಿಸಲಿಲ್ಲ. ‘ಪುಟ್ಟಿಗೆ ಸ್ವಲ್ಪ ಕಮ್ಮಿ ಹಚ್ಚಿ ಅತ್ತಿಗೆ’ ಎಂಬ ಮಾತು ಕಿವಿಯಲ್ಲಿ ಸುತ್ತುತ್ತಿತ್ತು. ಅದು ಪ್ರೀತಿಯಲ್ಲ, ಲೆಕ್ಕಾಚಾರ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನೀರು ಕುಡಿದು, ಲೋಟ ಇಟ್ಟು, ಅಂಗಡಿಗೆ ಹೋಗಿ ಕೂತಿದ್ದ.

ಮನೆಯ ಮೆಟ್ಟಿಲ ಬಳಿ ಮಗಳು, ನಿದ್ದೆಹೋದ ಕೂಸನ್ನು ಭುಜ ಬದಲಿಸಿಕೊಳ್ಳುತ್ತ, ‘ದಿನಾ ಕೂತ್ಕೊಂಡು ಹಚ್ಚಿದ್ಯಲ್ಲಮ್ಮ’ ಎಂದಳು. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಅತ್ತಿಗೆ ಮನೆಯೊಳಗೆ ಹೋಗಲಿಲ್ಲ. ನೇರ ಅಂಗಡಿಗೆ ಬಂದು, ಗಲ್ಲಾದ ಮೊಳೆಗೆ ತೂಗುಹಾಕಿದ್ದ ಕೀಲಿಯನ್ನು ಗಿರಾಕಿಗಳೆದುರೇ ತೆಗೆದು ಹಿಂದಿನ ಕೋಣೆಯ ಬೀಗ ತೆರೆದಳು. ಸಾಲು ಸೀಸೆಗಳು, ಎಣ್ಣೆ ತುಂಬುವ ಕೊಳವೆ, ಚೀಟಿಗಳ ಕಟ್ಟು, ಮೂಲೆಯಲ್ಲಿ ಒಂದು ಮಿಕ್ಸಿ. ಜಾರಿನ ಅಂಚಿನಲ್ಲಿ ಬಿಳಿಪುಡಿ ಮೆತ್ತಿತ್ತು. ‘ಮೆಂತ್ಯ’ ಎಂದು ಆಕೆಯೇ ಹಿಂದೊಮ್ಮೆ ಬರೆದು ಅಂಟಿಸಿದ್ದ ಡಬ್ಬಿಯನ್ನು ತೆರೆದರೆ ಒಳಗೆ ಮೆಂತ್ಯವಿರಲಿಲ್ಲ. ಮಾತ್ರೆ ಕಿತ್ತು ಖಾಲಿಯಾದ ಬೆಳ್ಳಿಹಾಳೆಗಳು ಬಾಯಿತನಕ ತುಂಬಿದ್ದವು. ತನ್ನ ಕೈಬರಹದ ಡಬ್ಬಿ. ಡಬ್ಬಿಯನ್ನು ಎತ್ತಿಕೊಂಡು ಹೊರಗೆ ಬಂದು, ಗಲ್ಲಾಪೆಟ್ಟಿಗೆಯ ಮೇಲೆ ಬೋರಲು ಸುರಿದಳು.

ಬೆಂಚಿನ ಮೇಲೆ ನಾಲ್ಕೈದು ಜನರಿದ್ದರು. ಕಂಡಕ್ಟರ್, ಟೈಪಿಸ್ಟ್, ತುದಿಯಲ್ಲಿ ಮಡಿಲಲ್ಲಿ ಎಳೆಗೂಸನ್ನಿಟ್ಟುಕೊಂಡ ಒಬ್ಬ ಹೊಸ ಬಾಣಂತಿ. ಮೈದುನನ ಕೈ ಜೇಬಿಗೆ ಹೋಯಿತು.

‘ಬಾಚಣಿಗೆ ಒಳಗಿಡು’ ಎಂದಳು ಅತ್ತಿಗೆ. ದನಿ ಏರಿರಲಿಲ್ಲ. ‘ಪುಟ್ಟಿಗೆ ಕಮ್ಮಿ ಹಚ್ಚಿ ಅಂದ್ಯಲ್ಲ, ಯಾಕಂದೆ?’

ಅವನು ಒಳಗೆ ಹೋಗಿ ಮಾತಾಡೋಣ ಎಂದ. ಆಕೆ ಅಲುಗಲಿಲ್ಲ. ಗಿರಾಕಿಗಳತ್ತ ತಿರುಗಿ, ಡಾಕ್ಟರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ನಿಮ್ಮ ತಲೆಯಲ್ಲಿ ಬೆಳೆದದ್ದು ನನ್ನ ಸೊಪ್ಪಿನಿಂದಲ್ಲ, ಈ ಮಾತ್ರೆಯಿಂದ. ಇದರಲ್ಲಿ ಏನಿದೆ, ಎಷ್ಟಿದೆ, ಯಾರಿಗೆ ಆಗುವುದಿಲ್ಲ ಎಂದು ನಿಮಗೆ ಯಾರೂ ಹೇಳಲಿಲ್ಲ. ನನ್ನ ಮುಖ ತೋರಿಸಿ ನಿಮ್ಮ ಕಣ್ಣಿಗೆ ಮಣ್ಣೆರಚಿದ್ದಾರೆ ಎಂದಳು. ಹೇಳಿ ಮುಗಿಸಿ ಕಾದಳು. ಜನ ರೇಗುತ್ತಾರೆ, ಸೀಸೆಗಳನ್ನು ಬಿಸಾಡುತ್ತಾರೆ, ಮೈದುನನ ಕೊರಳಪಟ್ಟಿ ಹಿಡಿಯುತ್ತಾರೆ ಎಂದು ಆಕೆ ನಂಬಿದ್ದಳು.

ಕಂಡಕ್ಟರ್ ನೆತ್ತಿ ಸವರಿಕೊಂಡ. ‘ಹಂಗಾದ್ರೆ ನಿಲ್ಲಿಸಿಬಿಟ್ರೆ ಇದೆಲ್ಲ ಉದುರಿ ಹೋಗುತ್ತಾ ಅತ್ತಿಗೆ?’

ಅಷ್ಟೇ ಅವನ ಪ್ರಶ್ನೆ. ಟೈಪಿಸ್ಟ್ ಆಗಲೇ ಕೈಯಲ್ಲಿದ್ದ ಸೀಸೆಯನ್ನು ಚೀಲದೊಳಗೆ ಇಳಿಸಿದ್ದಳು. ನಮಗೇನೂ ಆಗಿಲ್ಲವಲ್ಲ, ಮಗುವಿಗೆ ಹಚ್ಚಬಾರದಿತ್ತು ಅಷ್ಟೆ ಎಂದು ಅವಳು ಪಕ್ಕದವಳಿಗೆ ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಗಿಂಡಿಯ ಕಡೆ ಬೆರಳು ತೋರಿಸಿ ನಕ್ಕಿದ್ದವಳು ಅವಳೇ. ಮೋಸ ಹೋದವರು ಮೋಸಗಾರನ ಪಕ್ಕಕ್ಕೆ ಸರಿದು ಕೂರುವುದನ್ನು ಅತ್ತಿಗೆ ತನ್ನ ಬಾಳಿನಲ್ಲಿ ಮೊದಲ ಸಲ ನೋಡಿದಳು. ಸತ್ಯವನ್ನು ಯಾರೂ ಅಲ್ಲಗಳೆದಿರಲಿಲ್ಲ. ಅದು ಯಾರಿಗೂ ಬೇಕಾಗಿರಲಿಲ್ಲ, ಅಷ್ಟೇ.

ಮೈದುನನಿಗೆ ಧೈರ್ಯ ಬಂತು. ‘ನೋಡಿದ್ರಾ’ ಎಂದ. ‘ಇವರಿಗೆ ಬೇಕಿರೋದು ಕೂದಲು. ನಿಮ್ಮ ಸೊಪ್ಪಿಂದ ಬರೋದು ವಾಸನೆ. ಆ ವಾಸನೆ ಇಲ್ದೆ ಇದ್ರೆ ಜನ ನಂಬಲ್ಲ, ಈ ಪುಡಿ ಇಲ್ದೆ ಇದ್ರೆ ಕೂದಲು ಬರಲ್ಲ. ಇಬ್ಬರೂ ಸೇರಿ ಮಾಡಿದ್ದು ಅತ್ತಿಗೆ ಇದು.’

‘ನಾನು ಸೇರಿಲ್ಲ.’

‘ಸೇರಿಲ್ವಾ? ಸೀಸೆ ಮೇಲೆ ಇರೋದು ಯಾರ ಮುಖ?’ ಅವನು ದನಿ ತಗ್ಗಿಸಿ, ಸಮಾಧಾನ ಹೇಳುವವನಂತೆ ಮುಂದಕ್ಕೆ ಬಾಗಿದ. ಎಲ್ಲಾದರೂ ದೂರು ಕೊಟ್ಟರೆ ಮೊದಲು ಸಿಕ್ಕಿಬೀಳುವುದು ಚಿತ್ರದಲ್ಲಿರುವವರೇ. ಕಾಯಿಸಿದ್ದು ನೀವು, ಹೆಸರು ನಿಮ್ಮದು, ಆ ಡಬ್ಬಿಯ ಮೇಲಿನ ಅಕ್ಷರವೂ ನಿಮ್ಮದೇ. ನಾನು ಕೌಂಟರಿನಲ್ಲಿ ಕೂತು ಮಾರುವವನು ಮಾತ್ರ ಎಂದು ಬಿಡಿಸಿ ಹೇಳಿದ. ಇಷ್ಟು ದಿನ ‘ಅತ್ತಿಗೆ, ಅತ್ತಿಗೆ’ ಎಂದು ಕೂಗಿದ್ದರ ಅರ್ಥ ಆ ಗಳಿಗೆಯಲ್ಲಿ ಆಕೆಗೆ ತಿಳಿಯಿತು. ಅವನು ಮರ್ಯಾದೆಗೆ ಕೂಗುತ್ತಿರಲಿಲ್ಲ. ಅಡಗಿಕೊಳ್ಳಲು ಜಾಗ ಮಾಡಿಕೊಳ್ಳುತ್ತಿದ್ದ.

ಆಕೆ ಬೆಂಚಿನ ತುದಿಗೆ ಹೋಗಿ ಬಾಣಂತಿಯ ಮುಂದೆ ನಿಂತಳು. ಹುಡುಗಿ ತಲೆ ತಗ್ಗಿಸಿದಳು. ಬೈತಲೆ ಅಗಲವಾಗಿ, ಚರ್ಮ ಬೆಳ್ಳಗೆ ಕಾಣುತ್ತಿತ್ತು. ಕೈಯಲ್ಲಿ ಹೊಸ ಸೀಸೆ.

‘ಮಗುಗೆ ಹಾಲು ಕೊಡ್ತಿದೀಯೇನಮ್ಮ?’

‘ಹೂಂ.’

‘ಹೆರಿಗೆ ಆದ್ಮೇಲೆ ಎಲ್ಲರಿಗೂ ಉದುರುತ್ತೆ. ತಾನಾಗೇ ಬರುತ್ತೆ. ಇದನ್ನ ಇಲ್ಲಿಟ್ಟು ಮನೆಗೆ ಹೋಗು.’

ಹುಡುಗಿ ಸುತ್ತ ಕೂತವರ ಮುಖ ನೋಡಿದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಅವಳು ಸೀಸೆಯನ್ನು ಬೆಂಚಿನ ಮೇಲಿಟ್ಟು, ಕೂಸಿನ ತಲೆಗೆ ಸೆರಗು ಮುಚ್ಚಿ, ಬೇಗ ಬೇಗನೆ ಮೆಟ್ಟಿಲಿಳಿದು ಹೋದಳು. ಅತ್ತಿಗೆ ಆ ಸೀಸೆಯನ್ನು ಎತ್ತಿಕೊಂಡಳು. ಗಲ್ಲಾದ ಮೇಲೆ ಹರಡಿದ್ದ ಬೆಳ್ಳಿಹಾಳೆಗಳಲ್ಲಿ ಒಂದು ಹಿಡಿಯನ್ನು ಬಾಚಿ ಸೆರಗಿನ ತುದಿಗೆ ಗಂಟು ಹಾಕಿದಳು. ಮೈದುನ ಎದ್ದು ಅಡ್ಡ ಬಂದ. ಆಕೆ ಅವನ ಕಣ್ಣನ್ನೇ ನೋಡುತ್ತ ನಿಂತಳು. ಅವನು ಪಕ್ಕಕ್ಕೆ ಸರಿದ.

ಮನೆಯಲ್ಲಿ ಮಗಳು ಕೇಳಿದ್ದು ಒಂದೇ ಮಾತು. ದೂರು ಕೊಟ್ಟ ಮೇಲೆ ನಿನ್ನನ್ನೇ ಹಿಡಿದು ಕೂರಿಸಿದರೆ ಏನಮ್ಮ ಮಾಡುವುದು ಎಂದಳು. ಅತ್ತಿಗೆ ಮಲಗಿದ್ದ ಪುಟ್ಟಿಯ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. ಆ ಪುಟ್ಟ ಗೂಡಿನೊಳಗೆ ಹೃದಯ ಓಡುತ್ತಿತ್ತು, ಯಾರೋ ಅಟ್ಟಿಸಿಕೊಂಡು ಬಂದಂತೆ. ಹಿಡಿದು ಕೂರಿಸಲಿ ಎಂದಳು. ಸೋಸುವುದು ನನ್ನ ಕೆಲಸ. ಕಡೆಯ ಸಲ ಸೋಸದೆ ಬಿಟ್ಟವಳು ನಾನೇ.

ಮರುದಿನ ಔಷಧ ನಿಯಂತ್ರಣದ ಕಚೇರಿಯಲ್ಲಿ ತಾಯಿ ಮಗಳಿಬ್ಬರನ್ನೂ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಕಳಿಸಿದರು. ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರು. ಕೂದಲೆಣ್ಣೆಗೆಲ್ಲ ಇಲ್ಲಿ ದೂರು ತರಬೇಡಿ ಎಂದರು. ಅತ್ತಿಗೆ ಬೆಂಚು ಬಿಟ್ಟು ಏಳಲಿಲ್ಲ. ಮಗುವಿಗೆ ಆದದ್ದನ್ನು ಹೋದ ಬಂದ ಪ್ರತಿಯೊಬ್ಬ ಗುಮಾಸ್ತನಿಗೂ ಅದೇ ದನಿಯಲ್ಲಿ, ಅದೇ ಕ್ರಮದಲ್ಲಿ ಹೇಳಿದಳು. ಕೊನೆಗೆ ಒಬ್ಬ ಅಧಿಕಾರಿ, ಆಕೆಯ ಬಾಯಿ ಮುಚ್ಚಿಸಲೆಂದೇ ಇರಬೇಕು, ಒಳಗೆ ಕರೆದ.

ಅವನ ತಲೆಯೂ ಮುಂದಿನಿಂದ ಬೋಳಾಗುತ್ತಿತ್ತು. ಸೀಸೆಯನ್ನು ಕಂಡೊಡನೆ ಗುರುತು ಹಿಡಿದ. ನಮ್ಮ ಮನೆಯಲ್ಲೂ ಇದೆಯಲ್ಲ ಎಂದ. ಹಾಗೆ ಹೇಳಿದ ಮೇಲೆ ಬೇಡದ್ದನ್ನು ಹೇಳಿದವನಂತೆ ಗಂಭೀರನಾಗಿ, ಇದನ್ನು ಯಾರು ತಯಾರಿಸುತ್ತಾರೆ, ಅವರನ್ನು ಕರೆಸಬೇಕಾಗುತ್ತದೆ ಎಂದು ಚೀಟಿಯನ್ನು ತನ್ನತ್ತ ತಿರುಗಿಸಿಕೊಂಡ. ಚಿತ್ರದ ಮೇಲೆ ಅವನ ಹೆಬ್ಬೆರಳು ನಿಂತಿತು. ಅವನು ತಲೆಯೆತ್ತಿದ.

‘ಇದು ನೀವೇನಾ?’

‘ನಾನೇ’ ಎಂದಳು ಅತ್ತಿಗೆ. ಸೆರಗಿನ ಗಂಟನ್ನು ಬಿಚ್ಚಿ ಬೆಳ್ಳಿಹಾಳೆಗಳನ್ನು ಅವನ ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು. ‘ನನ್ನನ್ನ ಕರೆಸೋ ಕೆಲಸ ಇಲ್ಲ, ಬಂದಿದೀನಿ. ಮಿಕ್ಕವರನ್ನ ಕರೆಸಿ.’

ಅಧಿಕಾರಿ ಅಭ್ಯಾಸಬಲದಿಂದ ಸೀಸೆಯನ್ನು ಎತ್ತಿ, ಚೀಟಿಯಲ್ಲಿ ಬರೆದಂತೆ ಮಾಡಲು ಕೈ ಓರೆ ಮಾಡಿದ. ಅತ್ತಿಗೆ ಮೇಜಿನ ಮೇಲಿಂದ ಬಾಗಿ ಅವನ ಮಣಿಕಟ್ಟನ್ನು ಹಿಡಿದಳು. ಎಲೆ ಕಿತ್ತು, ಎಣ್ಣೆ ತಿಕ್ಕಿ ಗಟ್ಟಿಯಾದ ಕೈ ಅದು, ಅವನು ಬಿಡಿಸಿಕೊಳ್ಳಲಿಲ್ಲ.

‘ಅಲ್ಲಾಡಿಸಬೇಡಿ’ ಎಂದಳು. ‘ಕಿಟಕಿಗೆ ಹಿಡಿದು ತಳ ನೋಡಿ.’